ಹದಿನೈದು ನಿಮಿಷದಲ್ಲಿ ಡೈನೋಸಾರ್ ಉದ್ಯಾನ: ‘ಡ್ರಾಫ್ಟೊಸಾರಸ್’ ಆಟದ ಒಳಗುಟ್ಟು

ಮನೆಮಂದಿಯೆಲ್ಲ ಒಂದೆಡೆ ಕುಳಿತು ಆಡುವ ಆಟಗಳಿಗೆ ಎರಡು ಹಳೆಯ ಕಾಯಿಲೆಗಳುಂಟು. ಒಂದು, ತನ್ನ ಸರದಿ ಬರುವವರೆಗೆ ಕಾಯುವ ಬೇಸರ. ಇನ್ನೊಂದು, ಆರಂಭದಲ್ಲೇ ಹಿಂದೆ ಬಿದ್ದ ಮಗು ಸೋಲು ಖಚಿತವೆಂದು ತಿಳಿದೂ ಗಂಟೆಗಟ್ಟಲೆ ಕೂರಬೇಕಾದ ಸಂಕಟ. ಈ ಎರಡಕ್ಕೂ ಮದ್ದು ಹುಡುಕಿದ ಆಟಗಳಲ್ಲಿ ‘ಡ್ರಾಫ್ಟೊಸಾರಸ್’ ಒಂದು. 2019ರಲ್ಲಿ ಫ್ರಾನ್ಸಿನ ಅಂಕಾಮಾ ಸಂಸ್ಥೆ ಹೊರತಂದ ಈ ಆಟವನ್ನು ಇಬ್ಬರಿಂದ ಐವರವರೆಗೆ, 8 ವರ್ಷ ದಾಟಿದ ಯಾರು ಬೇಕಾದರೂ ಆಡಬಹುದು. ಮುಗಿಯಲು ಬೇಕಾದ ಸಮಯ ಸುಮಾರು 15 ನಿಮಿಷ.

ಆಟದ ವಿನ್ಯಾಸಕರು ನಾಲ್ವರು: ಆಂತ್ವಾನ್ ಬೌಜಾ, ಕೊರಂತ್ಯಾ ಲೆಬ್ರಾ, ಲುಡೊವಿಕ್ ಮೊಬ್ಲಾಂ ಹಾಗೂ ತಿಯೊ ರಿವಿಯೇರ್. ಇವರಲ್ಲಿ ಬೌಜಾ ಅವರ ಹೆಸರು ಆಟಪ್ರಿಯರಿಗೆ ಚಿರಪರಿಚಿತ. 2010ರಲ್ಲಿ ಬಂದ ಅವರ ‘ಸೆವೆನ್ ವಂಡರ್ಸ್’ ಮರುವರ್ಷವೇ ಜರ್ಮನಿಯ ‘ಕೆನ್ನರ್‌ಸ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿ ಗಳಿಸಿತ್ತು. ಅವರದೇ ‘ಹನಾಬಿ’ಗೆ 2013ರಲ್ಲಿ ‘ಸ್ಪೀಲ್ ಡೆಸ್ ಯಾರೆಸ್’ ಗೌರವ ಸಂದಿತು.

ಏನಿದು ಡ್ರಾಫ್ಟಿಂಗ್?

ಕೈಗೆ ಬಂದ ಗುಂಪಿನಿಂದ ಒಂದನ್ನು ಆರಿಸಿಕೊಂಡು ಉಳಿದವನ್ನು ಪಕ್ಕದವರಿಗೆ ದಾಟಿಸುವುದೇ ಡ್ರಾಫ್ಟಿಂಗ್. ‘ಸೆವೆನ್ ವಂಡರ್ಸ್’ನಲ್ಲಿ ಇಸ್ಪೀಟು ಮಾದರಿಯ ಕಾರ್ಡುಗಳು ಹೀಗೆ ಕೈಯಿಂದ ಕೈಗೆ ಸಾಗುತ್ತವೆ. ‘ಡ್ರಾಫ್ಟೊಸಾರಸ್’ನಲ್ಲಿ ಕಾರ್ಡುಗಳ ಜಾಗಕ್ಕೆ ಮರದ ಪುಟ್ಟ ಡೈನೋಸಾರ್‌ಗಳು ಬಂದಿವೆ. ಓದಲು ಬರಹವಿಲ್ಲ, ಬಾಯಿಪಾಠ ಮಾಡಲು ಚಿಹ್ನೆಗಳ ಪಟ್ಟಿಯಿಲ್ಲ. ಹಿಡಿದು ನೋಡಿದರೆ ಯಾವ ಪ್ರಾಣಿಯೆಂದು ತಿಳಿಯುತ್ತದೆ, ಅಷ್ಟು ಸಾಕು. ಎಂಟರ ಮಗುವನ್ನೂ ನಲವತ್ತರ ಅಪ್ಪನನ್ನೂ ಒಂದೇ ಹಲಗೆಯ ಮುಂದೆ ಕೂರಿಸುವ ಗುಟ್ಟು ಇಲ್ಲಿದೆ.

ಚೀಲದಲ್ಲಿರುವುದು ಆರು ಜಾತಿ, ಜಾತಿಗೆ ಹತ್ತರಂತೆ ಒಟ್ಟು 60 ಡೈನೋಸಾರ್‌ಗಳು. ಐವರು ಆಡುವಾಗ ಅಷ್ಟೂ ಬೇಕು, ಆಟಗಾರರು ಕಡಿಮೆಯಾದಂತೆ ಕೆಲವನ್ನು ತೆಗೆದಿಡಲಾಗುತ್ತದೆ. ಪ್ರತಿಯೊಬ್ಬರೂ ನೋಡದೆ ಆರನ್ನು ತೆಗೆದು ಮುಷ್ಟಿಯಲ್ಲಿ ಮುಚ್ಚಿಡುತ್ತಾರೆ. ಒಂದನ್ನು ಆರಿಸಿ ತಮ್ಮ ಉದ್ಯಾನದಲ್ಲಿಟ್ಟು ಉಳಿದ ಐದನ್ನು ಪಕ್ಕದವರಿಗೆ ಕೊಡುತ್ತಾರೆ. ಹೀಗೆ ಆರು ಬಾರಿ ನಡೆದರೆ ಒಂದು ಸುತ್ತು. ಎರಡು ಸುತ್ತು ಮುಗಿದಾಗ ಪ್ರತಿಯೊಬ್ಬರ ಉದ್ಯಾನದಲ್ಲೂ 12 ಪ್ರಾಣಿಗಳಿರುತ್ತವೆ. ಎಲ್ಲರೂ ಏಕಕಾಲಕ್ಕೆ ಆರಿಸುವುದರಿಂದ ಕಾಯುವ ಪ್ರಮೇಯವೇ ಇಲ್ಲ. ಇಬ್ಬರೇ ಆಡುವಾಗ ಮಾತ್ರ ನಿಯಮ ಕೊಂಚ ಬೇರೆ: ಒಂದನ್ನು ಇಟ್ಟ ಮೇಲೆ ಇನ್ನೊಂದನ್ನು ಪೆಟ್ಟಿಗೆಗೆ ಹಾಕಬೇಕು, ಸುತ್ತುಗಳು ನಾಲ್ಕು.

ಯಾವ ಆವರಣಕ್ಕೆ ಎಷ್ಟು ಅಂಕ?

ಉದ್ಯಾನದ ಹಲಗೆಗೆ ಎರಡು ಮುಖಗಳಿವೆ. ಹೊಸಬರು ಆರಂಭಿಸುವ ಬೇಸಿಗೆಯ ಮುಖದಲ್ಲಿ ಆರು ಆವರಣಗಳು ಹಾಗೂ ನಡುವೆ ಒಂದು ನದಿ ಇವೆ.

ಒಂದೇ ಜಾತಿಯವು ಮಾತ್ರ ಸೇರುವ ಕಾಡಿನಲ್ಲಿ ಸಂಖ್ಯೆ ಏರಿದಂತೆ ಅಂಕ 2, 4, 8, 12, 18, 24 ಎಂದು ಬೆಳೆಯುತ್ತದೆ. ಎಲ್ಲವೂ ಬೇರೆ ಬೇರೆ ಜಾತಿಯಾಗಿರಬೇಕಾದ ಹುಲ್ಲುಗಾವಲಿನಲ್ಲಿ ಅದು 1, 3, 6, 10, 15, 21. ಜೋಡಿಗಳ ಬಯಲಿನಲ್ಲಿ ಒಂದೇ ಜಾತಿಯ ಪ್ರತಿ ಜೋಡಿಗೆ 5 ಅಂಕ. ಮೂವರ ಆವರಣದಲ್ಲಿ ಸರಿಯಾಗಿ ಮೂರಿದ್ದರೆ 7, ಒಂದೋ ಎರಡೋ ಇದ್ದರೆ ಸೊನ್ನೆ. ‘ಕಾಡಿನ ರಾಜ’ನ ಜಾಗದಲ್ಲಿಟ್ಟ ಪ್ರಾಣಿಯ ಜಾತಿಯವು ಬೇರೆ ಯಾರ ಬಳಿಯೂ ನಿಮಗಿಂತ ಹೆಚ್ಚಿಲ್ಲದಿದ್ದರೆ 7. ಒಂಟಿ ದ್ವೀಪದಲ್ಲಿಟ್ಟದ್ದು ನಿಮ್ಮ ಇಡೀ ಉದ್ಯಾನದಲ್ಲಿ ಆ ಜಾತಿಯ ಏಕೈಕ ಪ್ರಾಣಿಯಾಗಿದ್ದರೆ 7. ಎಲ್ಲಿಯೂ ಸಲ್ಲದವು ನದಿಗೆ ಹೋಗುತ್ತವೆ. ಅಲ್ಲಿ ತಲಾ 1 ಅಂಕವಾದರೂ ಖಾತ್ರಿ. ಇದಲ್ಲದೆ ಟಿ-ರೆಕ್ಸ್ ಇರುವ ಪ್ರತಿ ಆವರಣಕ್ಕೂ 1 ಅಂಕ ಹೆಚ್ಚುವರಿ. ಆದರೆ ಅಂತಿಮವಾಗಿ ಅಂಕಗಳು ಸಮವಾದರೆ ಕಡಿಮೆ ಟಿ-ರೆಕ್ಸ್ ಇಟ್ಟುಕೊಂಡವರೇ ವಿಜೇತರು.

ದಾಳದ ತಿರುವು

ಪ್ರತಿ ಬಾರಿ ಆರಿಸುವ ಮುನ್ನ ಒಬ್ಬರು ದಾಳ ಎಸೆಯುತ್ತಾರೆ. ಅದರ ಆರು ಮುಖಗಳು ಆರು ಷರತ್ತುಗಳನ್ನು ಹೇಳುತ್ತವೆ: ಕಾಡಿನ ಭಾಗದಲ್ಲೇ ಇಡಬೇಕು, ಬಯಲಿನ ಭಾಗದಲ್ಲೇ ಇಡಬೇಕು, ನದಿಯ ಈ ದಡ, ಆ ದಡ, ಖಾಲಿ ಆವರಣ, ಇಲ್ಲವೇ ಟಿ-ರೆಕ್ಸ್ ಇಲ್ಲದ ಆವರಣ. ಸ್ವಾರಸ್ಯವಿರುವುದು ಮುಂದೆ. ಷರತ್ತು ಅನ್ವಯಿಸುವುದು ದಾಳ ಎಸೆದವರಿಗಲ್ಲ, ಉಳಿದವರಿಗೆ. ನಮ್ಮ ಚೌಕಾಬಾರದಲ್ಲಿ ಕವಡೆ ಚೆಲ್ಲಿದವನೇ ಬಿದ್ದ ಗರಕ್ಕೆ ಬದ್ಧ. ಇಲ್ಲಿ ಎಸೆದವನು ಸ್ವತಂತ್ರ, ನೋಡುತ್ತಿದ್ದವರು ಬಂಧಿಗಳು. ದಾಳ ಸರದಿಯಂತೆ ಕೈಬದಲಾಗುವುದರಿಂದ ಈ ಸ್ವಾತಂತ್ರ್ಯ ಎಲ್ಲರ ಪಾಲಿಗೂ ಬರುತ್ತದೆ. ಜಾಣನ ಲೆಕ್ಕಾಚಾರವನ್ನು ದಾಳ ಆಗಾಗ ಕೆಡಿಸುವುದರಿಂದ ಮಕ್ಕಳಿಗೂ ಅವಕಾಶ ಉಳಿಯುತ್ತದೆ.

ಕೊಡುವುದೂ ಒಂದು ನಡೆ

ಆದರೂ ಇದು ಬರೀ ಅದೃಷ್ಟದ ಆಟವಲ್ಲ. ಒಂದು ಉದಾಹರಣೆ ನೋಡಬಹುದು. ಎರಡನೇ ಸುತ್ತಿನ ಐದನೇ ಸರದಿ. ಆಟಗಾರ್ತಿಯೊಬ್ಬಳ ಕೈಯಲ್ಲಿರುವುದು ಎರಡೇ: ಒಂದು ಸ್ಟೆಗೊಸಾರಸ್, ಒಂದು ಟಿ-ರೆಕ್ಸ್. ಅವಳ ಮೂವರ ಆವರಣದಲ್ಲಿ ಈಗಾಗಲೇ ಎರಡು ಪ್ರಾಣಿಗಳಿವೆ, ಅವುಗಳಲ್ಲಿ ಟಿ-ರೆಕ್ಸ್ ಇಲ್ಲ. ಅಲ್ಲಿಗೆ ಟಿ-ರೆಕ್ಸ್ ಇಟ್ಟರೆ 7 ಮತ್ತು 1 ಸೇರಿ 8 ಅಂಕ. ಸ್ಟೆಗೊಸಾರಸ್ ಇಟ್ಟರೆ 7 ಮಾತ್ರ. ತನ್ನದನ್ನಷ್ಟೇ ನೋಡಿದರೆ ಟಿ-ರೆಕ್ಸ್ ಆರಿಸುವುದೇ ಸರಿ.

ಆದರೆ ಪಕ್ಕದವನ ಕಾಡಿನಲ್ಲಿ ಐದು ಸ್ಟೆಗೊಸಾರಸ್‌ಗಳು ಆರನೆಯದಕ್ಕಾಗಿ ಕಾದಿವೆ ಎಂದುಕೊಳ್ಳಿ. ಅದು ಸಿಕ್ಕಿ, ದಾಳವೂ ಅಡ್ಡಬಾರದಿದ್ದರೆ ಅವನ ಅಂಕ 18ರಿಂದ 24ಕ್ಕೆ ಏರುತ್ತದೆ. ಅದರ ಬದಲು ಟಿ-ರೆಕ್ಸ್ ಸಿಕ್ಕಿ, ಅದಕ್ಕೆ ನದಿಯಲ್ಲದೆ ಬೇರೆ ಜಾಗವಿಲ್ಲದಿದ್ದರೆ ಅವನಿಗೆ ದಕ್ಕುವುದು 1 ಅಂಕ. ಅಂದರೆ ಅವಳು ಸ್ಟೆಗೊಸಾರಸ್ ಇಟ್ಟುಕೊಂಡು 1 ಅಂಕ ಬಿಟ್ಟುಕೊಟ್ಟರೆ ಎದುರಾಳಿಗೆ 5 ಅಂಕ ತಪ್ಪುತ್ತದೆ. ಮುಷ್ಟಿಯೊಳಗಿನದು ಗುಟ್ಟಾದರೂ ಉದ್ಯಾನಗಳು ಎಲ್ಲರ ಕಣ್ಣಿಗೂ ತೆರೆದಿರುತ್ತವೆ. ತನಗೇನು ಬೇಕು ಎಂಬುದರ ಜೊತೆಗೆ ಬೇರೆಯವರಿಗೇನು ಬೇಕು ಎಂದು ತಲೆಯೆತ್ತಿ ನೋಡುವ ಅಭ್ಯಾಸವನ್ನು ಮಗುವಿಗೆ ಉಪದೇಶವಿಲ್ಲದೆ ಕಲಿಸುವುದು ಈ ಕ್ಷಣವೇ. ಜೊತೆಗೆ, ಬಯಸಿದ್ದು ಕೈತಪ್ಪಿದಾಗ ಉಳಿದದ್ದರಲ್ಲೇ ದಾರಿ ಹುಡುಕುವುದನ್ನೂ. ಯಾಕೆಂದರೆ ಸುತ್ತಿನ ಕೊನೆಯಲ್ಲಿ ಕೈಗೆ ಬರುವುದು ಒಂದೇ ಪ್ರಾಣಿ. ಅಲ್ಲಿ ಆಯ್ಕೆಯೇ ಇಲ್ಲ.

ವಿಜ್ಞಾನದ ತಕರಾರು

ಪೋಷಕರು ಮಕ್ಕಳಿಗೆ ಹೇಳಬೇಕಾದ ಮಾತೊಂದಿದೆ. ಟಿ-ರೆಕ್ಸ್ ಮತ್ತು ಸ್ಟೆಗೊಸಾರಸ್ ಎಂದೂ ಮುಖಾಮುಖಿಯಾದವಲ್ಲ. ಸ್ಟೆಗೊಸಾರಸ್ ಬದುಕಿದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ; ಟಿ-ರೆಕ್ಸ್ ಕಾಲ ಸುಮಾರು 6.8ರಿಂದ 6.6 ಕೋಟಿ ವರ್ಷಗಳ ಹಿಂದಿನದು. ಅವೆರಡರ ನಡುವಿನ ಅಂತರಕ್ಕೆ ಹೋಲಿಸಿದರೆ ಕಾಲದಲ್ಲಿ ಟಿ-ರೆಕ್ಸ್ ನಮಗೇ ಹೆಚ್ಚು ಹತ್ತಿರ. ಆಟಕ್ಕೆ ಬಂದಿರುವ ವಿಸ್ತರಣೆಗಳಲ್ಲಿ ಕಾಣುವ ಕಡಲ ಸರೀಸೃಪಗಳೂ ಹಾರುವ ಸರೀಸೃಪಗಳೂ ವಿಜ್ಞಾನದ ಪ್ರಕಾರ ಡೈನೋಸಾರ್‌ಗಳೇ ಅಲ್ಲ.

ಯಾರಿಗೆ ಸಲ್ಲುತ್ತದೆ?

ಗಂಟೆಗಟ್ಟಲೆ ತಂತ್ರ ಹೆಣೆಯಬಯಸುವವರಿಗೆ ಈ ಆಟ ತೆಳುವೆನಿಸಬಹುದು. ದಾಳ ಒಮ್ಮೊಮ್ಮೆ ನಿರ್ದಯಿಯಾಗುವುದೂ ಹೌದು. ಹಲಗೆಯ ಚಳಿಗಾಲದ ಮುಖ ಬೇರೆ ಆವರಣಗಳನ್ನು ಕೊಟ್ಟು ಪಳಗಿದವರಿಗೆ ಕೊಂಚ ಕೆಲಸ ಹೆಚ್ಚಿಸುತ್ತದೆ. ಆದರೆ ರಾತ್ರಿಯೂಟಕ್ಕೆ ಮುನ್ನ ಕಾಲು ಗಂಟೆ ಬಿಡುವಿರುವ ಮನೆಗೆ ಇದು ಹೇಳಿ ಮಾಡಿಸಿದಂತಿದೆ. ಸೋತ ಮಗು ಅಳುವುದಕ್ಕೆ ಮೊದಲೇ ಮರದ ಡೈನೋಸಾರ್‌ಗಳು ಚೀಲ ಸೇರಿ, ಮುಂದಿನ ಆಟ ಶುರುವಾಗಿರುತ್ತದೆ.