ಶೇಂಗಾ ಒಗ್ಗದ ತಂಗಿ ಶಾಲೆಗೆ ಬರುತ್ತಾಳೆ



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಹಿರಿಯರು ಹೇಳುತ್ತಾರೆ. ಈ ಗಾದೆಯ ಎರಡೂ ಭಾಗ ನನ್ನ ಲೇಖನಕ್ಕೆ ಬೇಕು. ಏಕೆಂದರೆ ಬರುವ ಸೋಮವಾರ ನನ್ನ ತಂಗಿ ನಮ್ಮ ಶಾಲೆಗೆ 1ನೇ ತರಗತಿಗೆ ಬರುತ್ತಾಳೆ. ಅವಳಿಗೆ ಶೇಂಗಾ ಒಗ್ಗುವುದಿಲ್ಲ. ಒಗ್ಗುವುದಿಲ್ಲ ಅಂದ್ರ ಸೇರುವುದಿಲ್ಲ ಅಂತ ಅಲ್ಲ. ಸ್ವಲ್ಪ ತಿಂದರೂ ಅವಳ ಜೀವಕ್ಕೆ ಅಪಾಯ ಆಗಬಹುದು. ಇದಕ್ಕೆ ಅಲರ್ಜಿ ಎನ್ನುತ್ತಾರೆ. ಇಂಥ ಮಗು ಶಾಲೆಗೆ ಬರುವ ಮೊದಲು ಮನೆಯವರು, ಗುರುಗಳು, ನಾವು ಏನು ತಯಾರಿ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಆ ದಿನ ಏನಾಯಿತು?

ಎರಡು ವರ್ಷದ ಹಿಂದಿನ ನಾಗರ ಪಂಚಮಿ. ಪಂಚಮಿ ಅಂದ್ರ ಜೋಕಾಲಿ ಮತ್ತು ಉಂಡಿ ಎಂದು ನಿಮಗೆಲ್ಲ ಗೊತ್ತೇ ಇದೆ. ಎಳ್ಳುಂಡಿ, ಬೇಸನ್ ಉಂಡಿ, ಶೇಂಗಾ ಉಂಡಿ ತಾಟಿನಲ್ಲಿ ಮನೆಯಿಂದ ಮನೆಗೆ ಹೋಗುತ್ತವೆ. ತಂಗಿಗೆ ಆಗ ನಾಲ್ಕು ವರ್ಷ. ಓಣಿಯ ಒಬ್ಬ ಅಜ್ಜಿ ಪ್ರೀತಿಯಿಂದ ಅವಳ ಕೈಗೆ ಅರ್ಧ ಶೇಂಗಾ ಉಂಡಿ ಕೊಟ್ಟರು. ಅದಕ್ಕೂ ಮೊದಲು ಒಮ್ಮೆ ಶೇಂಗಾ ಚಟ್ನಿ ತಿಂದಾಗ ಅವಳ ಬಾಯಿ ಸುತ್ತ ಕೆಂಪಗಾಗಿತ್ತು. ಖಾರ ಹತ್ತೇತಿ ಎಂದು ನಾವು ಬಿಟ್ಟಿದ್ದೆವು.

ಈ ಸಲ ಹತ್ತು ನಿಮಿಷದೊಳಗೆ ಮೈತುಂಬ ಗಂದಿ ಎದ್ದವು. ತುಟಿ, ಕಣ್ಣು ಬಾತವು. ವಾಂತಿ ಮಾಡಿಕೊಂಡಳು. ನಮ್ಮ ಆಯಿ "ಕೂಸಿಗೆ ದೃಷ್ಟಿ ಆಗೇತಿ" ಎಂದು ಉಪ್ಪು ಮೆಣಸಿನಕಾಯಿ ತಂದು ಇಳಿ ತೆಗೆದರು. "ಪಿತ್ತ ಆಗೇತಿ, ಮಜ್ಜಿಗಿ ಕುಡಸ್ರಿ" ಎಂದು ಮತ್ತೊಬ್ಬರು ಹೇಳಿದರು. ಅಷ್ಟರಲ್ಲಿ ಅವಳ ದನಿ ಕುಂತಿತು. ಉಸಿರು ಬಿಡುವಾಗ ಸಿಳ್ಳೆಯಂಥ ಸಪ್ಪಳ ಬರಹತ್ತಿತು. ಬಾಜೂ ಮನೆಯ ಕಾಕಾ ಗಾಡಿ ಮೇಲೆ ಆಸ್ಪತ್ರೆಗೆ ಒಯ್ದರು. ಡಾಕ್ಟರು "ಏನ್ ತಿಂದಾಳ?" ಎಂದು ಒಂದೇ ಪ್ರಶ್ನೆ ಕೇಳಿ ತೊಡೆಗೆ ಸೂಜಿ ಮಾಡಿದರು. ಸ್ವಲ್ಪ ಹೊತ್ತಿಗೆ ಉಸಿರು ಸಡಿಲಾಯಿತು. ಅದು ಅಡ್ರಿನಾಲಿನ್ ಎಂಬ ಔಷಧಿಯ ಸೂಜಿ. "ಇನ್ನಷ್ಟು ತಡ ಮಾಡಿದ್ರ ಕಷ್ಟ ಇತ್ತು" ಎಂದು ಡಾಕ್ಟರು ಹೇಳಿದಾಗ ಅವ್ವ ಅಲ್ಲೇ ಕುಸಿದು ಕುಂತಳು.

ಆ ಅಜ್ಜಿಯ ತಪ್ಪಿಲ್ಲ. ನಮ್ಮ ಆಯಿಯ ತಪ್ಪೂ ಇಲ್ಲ. ಯಾರಿಗೂ ಗೊತ್ತಿರಲಿಲ್ಲ. ಆದರೆ ಅಂದಿನಿಂದ ಅವ್ವ ತಂಗಿಯನ್ನು ಅಂಗನವಾಡಿಗೂ ಕಳಿಸಲಿಲ್ಲ. ನಾವು ಪಾಟಿಚೀಲ ಹಾಕಿಕೊಂಡು ಬರುವಾಗ ಅವಳು ದಿನಾ ಕಟ್ಟೆ ಮೇಲೆ ಕುಂತು ನೋಡುತ್ತಿದ್ದಳು.

ಅಲರ್ಜಿ ಎಂದರೇನು?

ನಮ್ಮ ದೇಹದಲ್ಲಿ ರೋಗದ ಕ್ರಿಮಿಗಳ ವಿರುದ್ಧ ಹೋರಾಡುವ ಶಕ್ತಿ ಇದೆ. ಅದು ಹೊಲ ಕಾಯುವ ನಾಯಿ ಇದ್ದ ಹಾಗೆ. ಕಳ್ಳ ಬಂದರೆ ಬೊಗಳಬೇಕು. ಆದರೆ ಕೆಲವರ ದೇಹದಲ್ಲಿ ಆ ನಾಯಿ ಮನೆಗೆ ಬಂದ ಬೀಗರನ್ನೇ ಕಳ್ಳರೆಂದು ತಿಳಿದು ಕಚ್ಚುತ್ತದೆ. ಶೇಂಗಾದಲ್ಲಿರುವ ಪ್ರೋಟೀನು ಬೀಗರಿದ್ದ ಹಾಗೆ, ಕೆಟ್ಟದ್ದಲ್ಲ. ದೇಹವು ಅದನ್ನು ಶತ್ರು ಎಂದು ತಿಳಿದು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಬಿಡುತ್ತದೆ. ಅವುಗಳಿಂದ ಚರ್ಮ ತುರಿಸುತ್ತದೆ, ತುಟಿ ಬಾಯುತ್ತದೆ, ಉಸಿರಿನ ಕೊಳವೆ ಸಣ್ಣದಾಗುತ್ತದೆ, ರಕ್ತದ ಒತ್ತಡ ಇಳಿಯುತ್ತದೆ.

ಅಲರ್ಜಿ ಎಂಬ ಶಬ್ದವನ್ನು 1906ರಲ್ಲಿ ಆಸ್ಟ್ರಿಯಾ ದೇಶದ ಮಕ್ಕಳ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ ಕೊಟ್ಟರು. ಜೀವಕ್ಕೇ ಅಪಾಯ ತರುವ ದೊಡ್ಡ ಅಲರ್ಜಿಗೆ ಅನಾಫಿಲಾಕ್ಸಿಸ್ ಎಂಬ ಹೆಸರಿದೆ. ಅದನ್ನು ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ 1902ರಲ್ಲಿ ವಿವರಿಸಿದರು. ಇದಕ್ಕಾಗಿ ರಿಶೆ ಅವರಿಗೆ 1913ರಲ್ಲಿ ನೊಬೆಲ್ ಬಹುಮಾನ ಬಂತು. ಅಂದರೆ ಇದು ದೃಷ್ಟಿಯೂ ಅಲ್ಲ, ಪಿತ್ತವೂ ಅಲ್ಲ, ಶಾಪವೂ ಅಲ್ಲ. ಅಂಟುರೋಗವಂತೂ ಅಲ್ಲವೇ ಅಲ್ಲ.

ಬೆಂಗಳೂರು, ಮೈಸೂರು ಕಡೆಯ ದೊಡ್ಡವರನ್ನು ಪರೀಕ್ಷೆ ಮಾಡಿದ ಒಂದು ಅಧ್ಯಯನದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಯಾವುದಾದರೂ ಆಹಾರದ ಅಲರ್ಜಿ ಇರಬಹುದು ಎಂದು ಕಂಡಿದೆ. ಮಕ್ಕಳಲ್ಲಿ ಅದಕ್ಕಿಂತ ಕಡಿಮೆ. ಶೇಂಗಾ ಒಂದೇ ಅಲ್ಲ. ಹಾಲು, ಮೊಟ್ಟೆ, ಮೀನು, ಸಿಗಡಿ, ಗೋಧಿ, ಸೋಯಾ, ಗೋಡಂಬಿ ಕೂಡ ಕೆಲವರಿಗೆ ಒಗ್ಗುವುದಿಲ್ಲ. ಕಡಿಮೆ ಮಂದಿಗೆ ಇರುವುದರಿಂದಲೇ ಊರಿನಲ್ಲಿ ಯಾರಿಗೂ ಇದರ ಗುರುತು ಸಿಗುವುದಿಲ್ಲ.

"ಹಂಗಾರ ಸಣ್ಣ ಕೂಸುಗಳಿಗೆ ಶೇಂಗಾ ಕೊಡಬಾರದೇನು?" ಎಂದು ನೀವು ಕೇಳಬಹುದು. ಹಾಗಲ್ಲ. ಲಂಡನ್ನಿನಲ್ಲಿ ಗಿಡಿಯನ್ ಲ್ಯಾಕ್ ಎಂಬ ವೈದ್ಯರು 640 ಕೂಸುಗಳ ಮೇಲೆ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಅವು ಅಲರ್ಜಿ ಬರುವ ಸಂಭವ ಹೆಚ್ಚಿದ್ದ ಕೂಸುಗಳು. ಶೇಂಗಾ ಕೊಡದೆ ಬೆಳೆಸಿದವರಲ್ಲಿ ಐದು ವರ್ಷ ಆಗುವಷ್ಟರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಶೇಂಗಾ ಅಲರ್ಜಿ ಬಂತು. ಸಣ್ಣವರಿದ್ದಾಗಿನಿಂದ ತಿನ್ನಿಸಿದವರಲ್ಲಿ ನೂರಕ್ಕೆ ಸುಮಾರು 3 ಮಕ್ಕಳಿಗೆ ಮಾತ್ರ ಬಂತು. ಆದ್ದರಿಂದ ಹೆದರಿ ಎಲ್ಲರಿಗೂ ಬಿಡಿಸಬಾರದು. ಆದರೆ ಈಗಾಗಲೇ ಅಲರ್ಜಿ ಇದ್ದ ಮಗುವಿಗೆ "ಸ್ವಲ್ಪ ಸ್ವಲ್ಪ ಕೊಟ್ರ ರೂಢಿ ಆಗ್ತೈತಿ" ಎಂದು ಮನೆಯಲ್ಲಿ ಕೊಟ್ಟು ನೋಡುವುದು ಬಹಳ ಅಪಾಯ.

ಶೇಂಗಾ ಎಲ್ಲೆಲ್ಲಿ ಅಡಗಿರುತ್ತದೆ?

ನಮ್ಮ ಧಾರವಾಡ ಸೀಮೆಯಲ್ಲಿ ಶೇಂಗಾ ಇಲ್ಲದ ಅಡುಗೆ ಮನೆ ಸಿಗುವುದು ಕಷ್ಟ. ಚಟ್ನಿಪುಡಿ, ಉಂಡಿ, ಶೇಂಗಾ ಹೋಳಿಗೆ ಕಣ್ಣಿಗೆ ಕಾಣುತ್ತವೆ. ಕಾಣದೇ ಇರುವುದೇ ಹೆಚ್ಚು. ಎಣಗಾಯಿಯ ಮಸಾಲೆಯಲ್ಲಿ ಶೇಂಗಾ ಪುಡಿ ಇರುತ್ತದೆ. ಒಗ್ಗರಣಿ ಅವಲಕ್ಕಿ, ಚುರುಮುರಿ, ಸೂಸಲದಲ್ಲಿ ಕಾಳು ಇರುತ್ತವೆ. ಕಾಳು ಆರಿಸಿ ತೆಗೆದು ಕೊಟ್ಟರೂ ಅದರ ಪುಡಿ ಉಳಿದಿರುತ್ತದೆ. ಗಾಣದ ಶೇಂಗಾ ಎಣ್ಣೆಯಲ್ಲಿಯೂ ಪ್ರೋಟೀನಿನ ಅಂಶ ಇರುತ್ತದೆ. ಶೇಂಗಾ ಪಲ್ಯಕ್ಕೆ ಹಾಕಿದ ಸವಟನ್ನೇ ಸಾರಿಗೆ ಹಾಕಿದರೂ ಸಾಕು.

ಪಾಕೀಟಿನ ತಿಂಡಿಯ ಮೇಲೆ ಶೇಂಗಾ, ಹಾಲು, ಗೋಧಿ ಮುಂತಾದವು ಇದ್ದರೆ ಬರೆಯಲೇಬೇಕೆಂದು 2020ರಲ್ಲಿ ಕೇಂದ್ರದ ಆಹಾರ ಸುರಕ್ಷತೆಯ ಪ್ರಾಧಿಕಾರ ನಿಯಮ ಮಾಡಿದೆ. ಬಹಳ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಶೇಂಗಾಕ್ಕೆ ಪೀನಟ್ ಎಂದು ಬರೆದಿರುತ್ತಾರೆ. ನಮ್ಮ ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೆ ಮನೆಯಲ್ಲಿ ಓದುವ ಕೆಲಸ ನನ್ನದು. ಬಿಡಿ ಮಿಠಾಯಿಗೆ ಯಾವ ಚೀಟಿಯೂ ಇರುವುದಿಲ್ಲ, ಆದ್ದರಿಂದ ಅದು ಅವಳಿಗೆ ಬೇಡ.

ಶಾಲೆಗೆ ಬರುವ ಮೊದಲಿನ ತಯಾರಿ

ಅಪ್ಪ, ಅವ್ವ ಇಬ್ಬರೂ ಶಾಲೆಗೆ ಬಂದು ಮುಖ್ಯ ಗುರುಗಳನ್ನು ಕಂಡರು. ಆಗ ಆದ ತೀರ್ಮಾನಗಳು ಇವು:

1. ಡಾಕ್ಟರ ಚೀಟಿ: ಯಾವ ಪದಾರ್ಥ ಒಗ್ಗುವುದಿಲ್ಲ, ಏನು ಲಕ್ಷಣ, ಏನು ಮಾಡಬೇಕು ಎಂದು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿ, ತಂಗಿಯ ಫೋಟೋ ಮತ್ತು ಅಪ್ಪನ ಫೋನ್ ನಂಬರ್ ಹಚ್ಚಿದ್ದೇವೆ. ಒಂದು ಪ್ರತಿ ಆಫೀಸಿನಲ್ಲಿ, ಒಂದು 1ನೇ ತರಗತಿಯಲ್ಲಿ, ಒಂದು ಅಡುಗೆ ಕೋಣೆಯಲ್ಲಿ ಇರುತ್ತದೆ.

2. ಬಿಸಿಯೂಟ: ಅಡುಗೆ ಮಾಡುವ ಅಕ್ಕಂದಿರ ಜೊತೆ ಅವ್ವ ಕುಂತು ಮಾತಾಡಿದಳು. ಒಗ್ಗರಣೆಗೆ ಯಾವ ಎಣ್ಣೆ, ಪುಡಿಯಲ್ಲಿ ಏನೇನು ಎಂದು ಕೇಳಿ ಬರೆದುಕೊಂಡಳು. ತಂಗಿಗೆ ಬೇರೆ ತಾಟು, ಬೇರೆ ಸವಟು. ಅವಳಿಗೆ ಎಲ್ಲರಿಗಿಂತ ಮೊದಲು ಬಡಿಸುತ್ತಾರೆ. ಬಡಿಸುವ ಮೊದಲು ಗುರುಗಳು ರುಚಿ ನೋಡಬೇಕೆಂದು 2015ರ ಬಿಸಿಯೂಟದ ನಿಯಮದಲ್ಲಿಯೇ ಇದೆ. ಆ ಹೊತ್ತಿಗೇ "ಇದರಾಗ ಶೇಂಗಾ ಐತೇನು?" ಎಂದು ಒಂದು ಮಾತು ಕೇಳುತ್ತೇವೆ ಎಂದು ಗುರುಗಳು ಒಪ್ಪಿದ್ದಾರೆ. ಹಾಲು, ಮೊಟ್ಟೆ, ಬಾಳೆಹಣ್ಣು ಅವಳಿಗೆ ಒಗ್ಗುತ್ತವೆ. ಹಿಂದೆ ಶೇಂಗಾ ಚಿಕ್ಕಿ ಕೊಡುತ್ತಿದ್ದಾಗ ಅವಳು ಶಾಲೆಗೆ ಬಂದಿದ್ದರೆ ಏನು ಗತಿ ಎಂದು ಅವ್ವ ಇನ್ನೂ ಅನ್ನುತ್ತಾಳೆ.

3. ಹಬ್ಬ, ಹುಟ್ಟಿದ ದಿನ: ಹೊರಗಿನ ಸಿಹಿ ಹಂಚುವ ದಿನ ತಂಗಿಗೆ ತಿನ್ನಲು ಮನೆಯ ಬೆಲ್ಲದ ಮಿಠಾಯಿಯ ಡಬ್ಬಿ ಅಕ್ಕೋರ ಬಳಿ ಇರುತ್ತದೆ. ಎಲ್ಲರೂ ತಿನ್ನುವಾಗ ಅವಳು ಕೈಕಟ್ಟಿ ಕೂರಬಾರದು.

4. ತಂಗಿಯ ಪಾಠ: ಅವಳಿಗೆ ಮೂರು ಮಾತು ಕಲಿಸಿದ್ದೇವೆ. "ನಾ ಒಲ್ಲೆ", "ಅಕ್ಕೋರನ್ನ ಕೇಳಿ ತಿಂತೀನಿ", "ಬಾಯಾಗ ತುರಸಾಕತ್ತೇತಿ".

ಈ ಪಾಠ ಕಲಿಸುವುದೇ ಎಲ್ಲಕ್ಕಿಂತ ಕಷ್ಟ ಆಯಿತು. ಒಂದು ದಿನ ನಾನು ಗೆಳತಿಯ ಹಾಗೆ ನಟನೆ ಮಾಡಿ, ಪುಠಾಣಿ ಹಿಟ್ಟಿನ ಉಂಡಿ ಹಿಡಿದು "ತಗೋ, ಶೇಂಗಾ ಉಂಡಿ" ಎಂದೆ. ಅವಳು ಗಪ್ಪನೆ ಇಸಗೊಂಡು ತಿಂದುಬಿಟ್ಟಳು. ನಾನು ಸಿಟ್ಟಿನಿಂದ "ಯಾಕ ತಿಂದಿ?" ಎಂದೆ. "ನೀ ಕೊಟ್ಟಿ, ಅದಕ್ಕ ತಿಂದೆ" ಎಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳಿಗೆ ಅಪಾಯ ಬರುವುದು ವೈರಿಗಳಿಂದ ಅಲ್ಲ, ಪ್ರೀತಿ ಮಾಡುವವರ ಕೈಯಿಂದ ಎಂದು ನನಗೆ ಆಗ ಗೊತ್ತಾಯಿತು. ಹದಿನೈದು ದಿನ ಆಟದ ಹಾಗೆ ಕಲಿಸಿದ ಮೇಲೆ ಈಗ ನಾನು ಕೊಟ್ಟರೂ "ಅವ್ವನ್ನ ಕೇಳ್ತೀನಿ" ಎನ್ನುತ್ತಾಳೆ.

ಲಕ್ಷಣ ಕಂಡರೆ ಏನು ಮಾಡಬೇಕು?

ಮೊದಲಿನ ಲಕ್ಷಣಗಳು: ಬಾಯಿ ತುರಿಕೆ, ಗಂದಿ, ತುಟಿ ಅಥವಾ ಕಣ್ಣು ಬಾಯುವುದು, ಹೊಟ್ಟೆನೋವು, ವಾಂತಿ.

ಅಪಾಯದ ಲಕ್ಷಣಗಳು: ಬಿಡದ ಕೆಮ್ಮು, ಉಸಿರಿಗೆ ಕಷ್ಟ, ಸಿಳ್ಳೆಯ ಸಪ್ಪಳ, ದನಿ ಬದಲಾಗುವುದು, ನುಂಗಲು ಬಾರದಿರುವುದು, ಮಂಕಾಗುವುದು, ಎಚ್ಚರ ತಪ್ಪುವುದು. ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. ಕೆಲವು ಸಲ ಗಂದಿ ಏಳದೆಯೇ ಉಸಿರು ಕಟ್ಟಬಹುದು.

ಮೊದಲು ಕಂಡವರು ಓಡಿ ಹೋಗಿ ಗುರುಗಳಿಗೆ ಹೇಳಬೇಕು. ಒಬ್ಬರು ಅವಳ ಹತ್ತಿರವೇ ಇರಬೇಕು. ಅವಳನ್ನು ಮಲಗಿಸಿ ಕಾಲು ಎತ್ತರಕ್ಕೆ ಇಡಬೇಕು. ಉಸಿರಿಗೆ ಕಷ್ಟ ಇದ್ದರೆ ಕಾಲು ಚಾಚಿ ಕೂರಿಸಬೇಕು. ಎದ್ದು ನಡೆಸಬಾರದು. ನೀರು, ಮಜ್ಜಿಗೆ ಕುಡಿಸಬಾರದು. ಬಾಯಲ್ಲಿ ಬೆರಳು ಹಾಕಿ ವಾಂತಿ ಮಾಡಿಸಬಾರದು. ದೊಡ್ಡವರು 108ಕ್ಕೆ ಫೋನ್ ಮಾಡಬೇಕು. ಅದು ಬರಲು ತಡ ಎಂದು ತಿಳಿದರೆ ಸಿಕ್ಕ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. "ಅಲರ್ಜಿ ಐತ್ರಿ, ಶೇಂಗಾ ತಿಂದಾಳ್ರಿ" ಎಂದು ಬಾಗಿಲಲ್ಲೇ ಹೇಳಬೇಕು.

ತುರಿಕೆಯ ಗುಳಿಗೆ ತುರಿಕೆಗಷ್ಟೇ. ಕಟ್ಟಿದ ಉಸಿರಿಗೆ ಅಡ್ರಿನಾಲಿನ್ ಸೂಜಿಯೇ ಬೇಕು. ಹೊರದೇಶದಲ್ಲಿ ಇಂಥ ಮಕ್ಕಳ ಚೀಲದಲ್ಲಿ ಪೆನ್ನಿನಂಥ ಸೂಜಿ ಇರುತ್ತದೆ. ನಮ್ಮ ಕೈಯಲ್ಲಿ ಅದು ಇಲ್ಲ. ಬೇಗ ಗುರುತು ಹಿಡಿಯುವುದೇ ನಮ್ಮ ಕೈಯಲ್ಲಿರುವ ಔಷಧ. ಆರಾಮಾದ ಮೇಲೂ ಕೆಲವು ತಾಸಿನ ನಂತರ ಮತ್ತೆ ಬರಬಹುದು, ಆದ್ದರಿಂದ ಡಾಕ್ಟರು ಹೇಳುವ ತನಕ ಆಸ್ಪತ್ರೆಯಲ್ಲೇ ಇರಬೇಕು.

ಗೆಳೆಯರೇ, ನಿಮ್ಮಲ್ಲಿ ನನ್ನ ವಿನಂತಿ

ಅವಳ ಬಾಜೂ ಕುಂತರೆ ಏನೂ ಆಗಂಗಿಲ್ಲ. ಶೇಂಗಾದ ವಾಸನೆ ಬಂದರೂ ಆಗಂಗಿಲ್ಲ. ಅವಳ ಜೊತೆ ಕುಂಟಾಟ ಆಡ್ರಿ, ಕೈ ಹಿಡೀರಿ. ಅವಳನ್ನು ಬೇರೆ ಕೂರಿಸಬೇಡಿ. ಶೇಂಗಾ ಬುತ್ತಿ ಉಂಡ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಬರೀ ನೀರಿಗೆ ಅದರ ಅಂಶ ಪೂರ್ತಿ ಹೋಗುವುದಿಲ್ಲ. "ತಿಂದು ನೋಡು, ಏನಾಗ್ತೈತಿ ನೋಡೋಣ" ಎಂದು ಚೇಷ್ಟೆಗೂ ಅನ್ನಬೇಡಿ. ಆ ಚೇಷ್ಟೆಗೆ ಎರಡನೆಯ ಸಲ ಇರಲಿಕ್ಕಿಲ್ಲ.

ಹಂಚಿಕೊಂಡು ತಿನ್ನಬೇಕು ಎಂದು ನಮಗೆ ಮನೆಯಲ್ಲೂ ಶಾಲೆಯಲ್ಲೂ ಕಲಿಸಿದ್ದಾರೆ. ಕೊಟ್ಟದ್ದನ್ನು ಒಲ್ಲೆ ಅಂದ್ರ ಸೊಕ್ಕು ಅಂತಾರ. ನನ್ನ ತಂಗಿ ಒಲ್ಲೆ ಅಂದ್ರ ಅದು ಸೊಕ್ಕಲ್ಲ. ಹಂಚುವುದನ್ನು ಬಿಡಬೇಡಿ, ಕೊಡುವ ಮೊದಲು ಒಂದು ಮಾತು ಕೇಳಿ. ಈ ವರ್ಷದ ಪಂಚಮಿ ಇನ್ನೇನು ಬರುತ್ತದೆ. ನಮ್ಮ ಮನೆಯಲ್ಲಿ ಎಳ್ಳುಂಡಿ, ಪುಠಾಣಿ ಉಂಡಿ ಮಾಡುತ್ತೇವೆ. ಎಲ್ಲರೂ ಬರ್ರಿ. ಎಳ್ಳು ಒಗ್ಗದವರು ಯಾರಾದರೂ ಇದ್ದರೆ ಮೊದಲೇ ಹೇಳಿರಿ, ನಾವೂ ಕೇಳಿಯೇ ಕೊಡುತ್ತೇವೆ.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಅವಳು ಹೊಸ ಪಾಟಿಚೀಲ ಹಾಕಿಕೊಂಡು ಬರುತ್ತಾಳೆ. ಅವ್ವ ಗೇಟಿನ ತನಕ ಬರುತ್ತಾಳೆ, ಆದರೆ ಒಳಗೆ ಬರುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ಒಳಗೆ ನಾವೆಲ್ಲ ಇದ್ದೇವಲ್ಲ.

ಇಷ್ಟು ಹೇಳಿ ನನ್ನ ಲೇಖನ ಮುಗಿಸುತ್ತೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ, ಮಿಶ್ರಿಕೋಟಿ