ಹೆಸರು ಬದಲಾದ ಸುದ್ದಿ

ಕಾಸರಗೋಡಿನ ಊರುಗಳ ಕನ್ನಡ ಹೆಸರುಗಳನ್ನು ಕೇರಳ ಸರಕಾರವು ಬದಲಿಸಲಿದೆಯೆಂದು 2021ರ ಜೂನ್‌ನಲ್ಲಿ ಪತ್ರಿಕೆಗಳು ಬರೆದುವು. ಕರ್ನಾಟಕದ ಮುಖಂಡರು ಪತ್ರ ಬರೆದರು. ಅಂತಹ ಆಲೋಚನೆಯೇ ಇಲ್ಲವೆಂದು ತಿರುವನಂತಪುರದಿಂದ ಉತ್ತರ ಬಂತು. ಪೈವಳಿಕೆಯ ಜಗಲಿಯಲ್ಲಿ ಕುಳಿತು ಇದನ್ನೋದಿದ ನನಗೆ ನಗು ಬಂತು. ಇದಕ್ಕೆ ಸರಕಾರದ ಆಜ್ಞೆಯೇಕೆ? ಕುಂಬಳೆಯು ‘ಕುಂಬಳ’ವಾಗಿ, ಮಂಜೇಶ್ವರವು ‘ಮಂಜೇಶ್ವರಂ’ ಆಗಿ ಬಸ್ಸಿನ ಫಲಕವನ್ನೇರಿ ಎಷ್ಟು ಕಾಲವಾಯಿತು!

ಕೊರೋನಾದ ಬೀಗ ತೆಗೆದು ಶಾಲೆಗಳು ತೆರೆದದ್ದು ಆ ವರ್ಷದ ನವೆಂಬರ್ 1ರಂದು. 1956ರಲ್ಲಿ ನಾವು ಕೇರಳಕ್ಕೆ ಸೇರಿದ್ದೂ ಅದೇ ದಿನಾಂಕದಂದು. ಆ ವಾರ ಊರುಗಳ ಹೆಸರನ್ನು ಬರೆಸಿದೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡವಾಡುವ ಹುಡುಗನೊಬ್ಬ ‘ಕುಂಬಳ’ವೆಂದೇ ಬರೆದಿದ್ದ. ಕೆಂಪು ಗೆರೆಯೆಳೆದೆ.

“ಬಸ್ಸಿನಲ್ಲಿ ಹಾಗೆಯೇ ಉಂಟಲ್ಲ, ಸಾರ್?”

ಗೆರೆಯನ್ನು ಅಳಿಸಲಿಲ್ಲ, ಅಂಕವನ್ನೂ ಕಳೆಯಲಿಲ್ಲ.