ಕ್ಯಾನಿನ ಮಟ್ಟ ಇಳಿದರೆ ಹಸು ಗಬ್ಬ ಕಟ್ಟದು

ಕಾಫಿ-ಅಡಿಕೆಯ ಪತ್ರಿಕೆಯಲ್ಲಿ ಹೋರಿಯ ವೀರ್ಯದ ಮಾತೇಕೆಂದು ಸದಸ್ಯ ಬಾಂಧವರು ಹುಬ್ಬೇರಿಸಬಾರದು. ತೋಟದ ಗೊಬ್ಬರ ಕೊಟ್ಟಿಗೆಯಿಂದಲೇ ಬರಬೇಕು. ಕಳೆದ ವರ್ಷ ನಮ್ಮ ಸಂಘದಿಂದ ಕೃತಕ ಗರ್ಭಧಾರಣೆ ಮಾಡಿಸಿದ ಹಸುಗಳು ಒಂದರ ಹಿಂದೊಂದು ತಿರುಗಿ ಬೆದೆಗೆ ಬಂದವು. ಮೇವು ಸಾಲದು, ಲವಣ ಸಾಲದು ಎಂದು ನಾವು ಸದಸ್ಯರಿಗೇ ಬುದ್ಧಿ ಹೇಳಿದೆವು.

ಆಗ ಬಂಗಾರಪೇಟೆ ಬಳಿಯ ನೆಂಟರ ಮನೆಗೆ ಹೋಗಬೇಕಾಯಿತು. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ. ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಹಾಲಿನ ಬಟವಾಡೆಯನ್ನೇ ನೆಚ್ಚಿದ ಮನೆಗಳು ಅಲ್ಲಿ ಬಹಳ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಹಸುವಿನ ಹೊಟ್ಟೆ ಮಾತ್ರ ಕಾಯುವುದಿಲ್ಲ.

ನೆಂಟರ ಹಸುವಿಗೆಂದು ಹಾಲು ಸಂಘದ ಕಾರ್ಯಕರ್ತರ ಬಳಿ ಹೋದೆವು. ಅವರು ಮೊದಲು ಕ್ಯಾನಿಗೆ ಅಳತೆಕಡ್ಡಿ ಇಳಿಸಿ, ತೆಗೆದು ಗಾಳಿಯಲ್ಲಿ ಆಡಿಸಿದರು. ದ್ರವ ಸಾರಜನಕ ಮುಟ್ಟಿದಷ್ಟು ಭಾಗಕ್ಕೆ ಬೆಳ್ಳಗೆ ಹಿಮ ಹಿಡಿಯಿತು. “ನಿಮ್ಮ ಕಡೆ ಎಷ್ಟು ದಿನಕ್ಕೊಮ್ಮೆ ನೋಡ್ತೀರಿ ಸಾರ್?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮೈಸೂರಿನ ಅರಮನೆ ಡೇರಿಯಲ್ಲಿ 1939ರಲ್ಲೇ ಕೃತಕ ಗರ್ಭಧಾರಣೆ ನಡೆದಿತ್ತು. ಆದರೆ ಆ ಕಾಲದ ವೀರ್ಯ ಕೆಲವು ದಿನ ಬಾಳಿದರೆ ಹೆಚ್ಚು. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಗ್ಲಿಸರಿನ್ ಬೆರೆಸಿದರೆ ವೀರ್ಯಾಣು ಘನೀಕರಣವನ್ನು ತಾಳುತ್ತದೆಂದು ಕಂಡರು. ಸೀಸೆಯ ಚೀಟಿ ಅದಲುಬದಲಾಗಿ ಸಿಕ್ಕ ಭಾಗ್ಯವದು! ನಮ್ಮ ಹೆಸರಘಟ್ಟದಲ್ಲಿ 1969ರಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಸಂಸ್ಥೆ ಆರಂಭವಾಯಿತು.

ಇಂಥ ಕೇಂದ್ರಗಳಲ್ಲಿ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮೊಟ್ಟೆಯ ಹಳದಿ, ಗ್ಲಿಸರಿನ್ ಇರುವ ದ್ರಾವಣ ಬೆರೆಸುತ್ತಾರೆ. ಹಳದಿ ತಣ್ಣನೆಯ ಪೆಟ್ಟು ತಡೆದರೆ, ಗ್ಲಿಸರಿನ್ ಹಿಮದ ಹರಳಿನಿಂದ ಕಾಯುತ್ತದೆ. ಕಾಲು ಮಿಲಿಲೀಟರ್ ನಳಿಕೆಗಳಿಗೆ ತುಂಬಿ, 4 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು, ಸಾರಜನಕದ ಆವಿಯಲ್ಲಿ ಘನೀಕರಿಸಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವದಲ್ಲಿ ಮುಳುಗಿಸುತ್ತಾರೆ. ಮಾದರಿ ನಳಿಕೆ ಕರಗಿಸಿದಾಗ ಅರ್ಧದಷ್ಟಾದರೂ ವೀರ್ಯಾಣು ಚಲಿಸದಿದ್ದರೆ ಆ ತಂಡವನ್ನೇ ಬಿಸಾಡಬೇಕು.

ಇಷ್ಟು ಜತನದಿಂದ ಬಂದದ್ದು ಕೆಡುವುದು ನಮ್ಮಂಥವರ ಕೈಯಲ್ಲಿ. ಶೈತ್ಯ ಕಡಿಮೆಯಾದರೆ ನಳಿಕೆಯೊಳಗಿನ ಸಣ್ಣ ಹಿಮಹರಳು ಬೆಳೆದು ವೀರ್ಯಾಣುವಿನ ಪೊರೆ ಹರಿಯುತ್ತದೆ. ಮತ್ತೆ ಸಾರಜನಕ ತುಂಬಿದರೂ ಸತ್ತದ್ದು ಬದುಕದು, ಆದರೆ ನಳಿಕೆ ಮೊದಲಿನಂತೆಯೇ ಕಾಣುತ್ತದೆ. ಹಳೆಯ ಕಾಫಿ ಬಿತ್ತನೆಬೀಜವೂ ಹಾಗೆಯೇ. ನೋಡಲು ಚೆಂದ, ಮಡಿಯಲ್ಲಿ ಮೊಳೆಯದು.

ಆ ಕಾರ್ಯಕರ್ತರು ನಳಿಕೆಗಳ ಲೋಟವನ್ನು ಕ್ಯಾನಿನ ಕತ್ತಿನಿಂದ ಮೇಲೆತ್ತಲೇ ಇಲ್ಲ. ಬೇಕಾದ ಒಂದನ್ನು ಚಿಮುಟದಿಂದ ಕ್ಷಣದಲ್ಲಿ ತೆಗೆದು, 37 ಡಿಗ್ರಿಯ ನೀರಿನಲ್ಲಿ 30 ಸೆಕೆಂಡು ಹಿಡಿದು, ಒರೆಸಿ, ತಡಮಾಡದೆ ಉಪಯೋಗಿಸಿದರು. ನೀರನ್ನು ಕೈಯಿಂದ ಅಂದಾಜು ಮಾಡದೆ ಉಷ್ಣಮಾಪಕ ಇಟ್ಟು ನೋಡಿದ್ದನ್ನು ಹೇಳಲೇಬೇಕು.

ಊರಿಗೆ ಬಂದವರೇ ನಮ್ಮ ಕ್ಯಾನಿಗೆ ಕಡ್ಡಿ ಇಳಿಸಿದೆವು. ತುದಿಗೆ ಎರಡು ಬೆರಳಷ್ಟು ಹಿಮ. ಗಾಡಿ ಬಂದಾಗ ತುಂಬಿಸುವುದು, ಬಾರದಿದ್ದರೆ ಸುಮ್ಮನಿರುವುದು ನಮ್ಮ ರೂಢಿಯಾಗಿತ್ತು. ಇದ್ದ ನಳಿಕೆಗಳನ್ನೆಲ್ಲ ಬಿಸಾಡಿ, ಹಸು ತಿರುಗಿಸಿದ ಸದಸ್ಯರಿಗೆ ಶುಲ್ಕ ಮರಳಿಸಿದ್ದೇವೆ. ಹೋದ ಹಾಲಿಗೆ ನಾವು ಕೊಡುವಂಥದು ಏನೂ ಇಲ್ಲ. ಈಗ ಕ್ಯಾನಿನ ಪಕ್ಕದ ಗೋಡೆಗೆ ಮಟ್ಟದ ಪುಸ್ತಕ ತೂಗುಹಾಕಿದ್ದೇವೆ. ಹಸು ಹೊಡೆದುಕೊಂಡು ಬಂದವರು ಯಾರಾದರೂ ಸರಿ, ಅದನ್ನು ಕೇಳಿ ನೋಡಬಹುದು.